ಹೂಡಿ ನೋಡದೆ ಕೊಂಡ ಎತ್ತು

ತಾತ ಜಾತ್ರೆಯಲ್ಲಿ ಎತ್ತು ಕೊಳ್ಳುವುದನ್ನು ಚಿಕ್ಕವನಿದ್ದಾಗ ನೋಡಿದ್ದೇನೆ. ಮೊದಲು ಹಲ್ಲು, ಆಮೇಲೆ ಸುಳಿ, ಕೊನೆಗೆ ಗಾಡಿಗೆ ಹೂಡಿ ಒಂದು ಸುತ್ತು. ಮಾರುವವನು ಎಷ್ಟೇ ಆಣೆ ಹಾಕಲಿ, ಹೂಡಿ ನೋಡದೆ ತಾತ ದುಡ್ಡು ಬಿಚ್ಚುತ್ತಿರಲಿಲ್ಲ.

ನಾನೀಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಟೆಸ್ಟರ್. ಹೆಚ್ಚು ಕಮ್ಮಿ ತಾತನ ಕೆಲಸವೇ ಅನ್ನಿ. ಅದಕ್ಕೇ ಇರಬೇಕು, ಅಮೆರಿಕದ ಕ್ಷಿಪಣಿ ರಕ್ಷಣೆಯ ಕಥೆ ಓದಿದಾಗಲೆಲ್ಲ ಒಂಥರಾ ಸಂಕಟವಾಗುತ್ತದೆ.

ಶತ್ರುವಿನ ಅಣ್ವಸ್ತ್ರ ಕ್ಷಿಪಣಿಗೆ ಬಾಹ್ಯಾಕಾಶದಲ್ಲೇ ಡಿಕ್ಕಿ ಹೊಡೆದು ಪುಡಿ ಮಾಡುವ ವ್ಯವಸ್ಥೆ ಅದು. 2002ರ ಡಿಸೆಂಬರ್ 11ರಂದು ಅದರ ಪರೀಕ್ಷೆಯೊಂದು ವಿಫಲವಾಯಿತು. ಆರೇ ದಿನಕ್ಕೆ, 17ರಂದು, ಅಧ್ಯಕ್ಷ ಬುಷ್ ಇದನ್ನು 2004ರಿಂದ ನಿಯೋಜಿಸುತ್ತೇವೆ ಎಂದು ಘೋಷಿಸಿಬಿಟ್ಟರು. 2004ರ ಜುಲೈನಲ್ಲಿ ಅಲಾಸ್ಕಾದ ಫೋರ್ಟ್ ಗ್ರೀಲಿಯಲ್ಲಿ ಮೊದಲ ಪ್ರತಿಕ್ಷಿಪಣಿಯನ್ನು ನೆಲದೊಳಗೆ ಇಳಿಸಿಯೂ ಆಯಿತು. ಆ ಡಿಸೆಂಬರಿನಲ್ಲಿ ಮತ್ತೊಂದು ಪರೀಕ್ಷೆ. ಗುರಿಯ ಕ್ಷಿಪಣಿ ಹಾರಿತು. ಅದನ್ನು ಹೊಡೆಯಬೇಕಿದ್ದದ್ದು ಪೆಸಿಫಿಕ್ಕಿನ ಕ್ವಾಜಲೀನ್ ದ್ವೀಪದಲ್ಲಿ ಕೂತಲ್ಲೇ ಕೂತಿತ್ತು! 2005ರ ಫೆಬ್ರವರಿಯಲ್ಲೂ ಅದೇ ಕಥೆ. ಎತ್ತು ಗಾಡಿ ಎಳೆಯುವುದಿರಲಿ, ಎದ್ದು ನಿಲ್ಲಲೇ ಇಲ್ಲ.

ಎದ್ದರೂ ಕಷ್ಟವಿದೆ. ಮೇಲೆ ಗಾಳಿಯಿಲ್ಲವಲ್ಲ, ಭಾರದ ಸಿಡಿತಲೆಯೂ ಹಗುರ ಬಲೂನೂ ಒಂದೇ ವೇಗದಲ್ಲಿ ಸಾಗುತ್ತವೆ. ಶತ್ರು ಹತ್ತು ಬಲೂನು ಜೊತೆಗೆ ಬಿಟ್ಟರೆ ಯಾವುದಕ್ಕೆ ಡಿಕ್ಕಿ ಹೊಡೆಯುವುದು? 1999ರಿಂದ 2023ರವರೆಗಿನ ಡಿಕ್ಕಿ ಪರೀಕ್ಷೆಗಳಲ್ಲಿ ಗೆದ್ದದ್ದು ಅರ್ಧಕ್ಕಿಂತ ತುಸು ಹೆಚ್ಚು, ಅಷ್ಟೆ. ಒಂದಕ್ಕೆ ನಾಲ್ಕು ಬಿಟ್ಟರಾಯಿತು ಅನ್ನುವವರಿದ್ದಾರೆ. ನಾಲ್ಕರಲ್ಲೂ ಒಂದೇ ದೋಷವಿದ್ದರೆ?

ಇದನ್ನೆಲ್ಲ ಕ್ಯಾಂಟೀನಿನಲ್ಲಿ ಹೇಳಿದಾಗ ಗೆಳೆಯನೊಬ್ಬ, "ನಿನ್ನ ಟೆಸ್ಟಿಂಗ್ ಮುಗಿಯೋವರೆಗೂ ಶತ್ರು ಕಾಯ್ತಾನೇನೋ? ಏನೂ ಇಲ್ಲದ್ದಕ್ಕಿಂತ ಏನೋ ಒಂದಿರೋದು ಮೇಲು" ಅಂದ. ತಕ್ಷಣಕ್ಕೆ ಉತ್ತರ ಹೊಳೆಯಲಿಲ್ಲ. ಅದು ತೀರಾ ತಳ್ಳಿಹಾಕುವ ಮಾತಲ್ಲ, ಕ್ಷಿಪಣಿ ತಲೆ ಮೇಲೆ ಬರುವವರಿಗೆ ಅರ್ಧ ಕೊಡೆಯೂ ಕೊಡೆಯೇ.

ರಾತ್ರಿ ಬಸ್ಸಿನಲ್ಲಿ ಹಳೆಯದೊಂದು ನೆನಪಾಯಿತು. ಹಿಂದಿನ ಕಂಪೆನಿಯಲ್ಲಿ ನಾವು ಪರೀಕ್ಷೆ ಶುರು ಮಾಡುವ ಮೊದಲೇ ಬಿಡುಗಡೆಯ ದಿನ ನಿಗದಿಯಾಗಿತ್ತು, ಗಿರಾಕಿಯ ದುಡ್ಡೂ ಬಂದಿತ್ತು. ನಾನು ಪತ್ತೆ ಮಾಡಿದ ದೋಷಗಳನ್ನೆಲ್ಲ "ಮುಂದಿನ ಆವೃತ್ತಿಗೆ" ಅಂತ ಪಕ್ಕಕ್ಕಿಟ್ಟರು. ಯಾರೂ ಸುಳ್ಳು ಹೇಳಲಿಲ್ಲ. ಬೇಡ ಅನ್ನುವ ಹಕ್ಕು ಮಾತ್ರ ಪರೀಕ್ಷೆಗೆ ಉಳಿದಿರಲಿಲ್ಲ. ದುಡ್ಡು ಕೈಬಿಟ್ಟ ಮೇಲೆ ಎತ್ತಿನ ಹಲ್ಲು ಎಣಿಸಿ ಯಾರಿಗೆ ಹೇಳುವುದು?

ಆ ವರದಿಗೆ ನಾನೂ ಸಹಿ ಹಾಕಿದ್ದೆ. ಅದನ್ನು ಗೆಳೆಯನಿಗೆ ಇನ್ನೂ ಹೇಳಿಲ್ಲ.