ನಾಮದ ಚಿಲುಮೆಯಲ್ಲಿ ಒಂದು ದಿನ

ತುಮಕೂರಿನ ಹತ್ತಿರ, ದೇವರಾಯನದುರ್ಗದ ಕಾಡಿನ ಮಧ್ಯೆ ನಾಮದ ಚಿಲುಮೆ ಇದೆ. ಬೆಂಗಳೂರಿನಿಂದ ತುಮಕೂರಿಗೆ ಸುಮಾರು 70 ಕಿ.ಮೀ. ಅಲ್ಲಿಂದ ಮುಂದೆ ಅರ್ಧ ಗಂಟೆಯ ದಾರಿ. ಬೆಳಿಗ್ಗೆ ಹೊರಟರೆ ಸಂಜೆಗೆ ಮನೆ ಸೇರಬಹುದು. ಪುಳಿಯೋಗರೆ, ಮೊಸರನ್ನ ಕಟ್ಟಿಕೊಂಡು ಹೋಗಿ. ಆದರೆ ಡಬ್ಬಿ ತೆಗೆಯುವ ಮೊದಲು ಸುತ್ತ ಒಮ್ಮೆ ನೋಡಿ. ಅಲ್ಲಿನ ಕೋತಿಗಳಿಗೆ ನಮಗಿಂತ ಮೊದಲೇ ಹಸಿವಾಗಿರುತ್ತದೆ!

ನೀರಿನ ಜಾಗ ಎಂದೊಡನೆ ನನ್ನ ಮೊಮ್ಮಕ್ಕಳು ಜಾರುಬಂಡೆ, ಕಾರಂಜಿ ಎಲ್ಲ ಊಹಿಸಿಕೊಂಡಿದ್ದರು. ಬಂಡೆಯಲ್ಲಿನ ಒರಳಿನಂಥ ಕುಳಿ ಕಂಡು, ಆರನೇ ತರಗತಿಯ ಮೊಮ್ಮಗಳು "ಇಷ್ಟೇನಾ ತಾತ?" ಅಂದಳು.

ಇಷ್ಟೇ. ಆದರೆ ಅದಕ್ಕೊಂದು ಕತೆಯಿದೆ. ವನವಾಸದಲ್ಲಿ ಶ್ರೀರಾಮ ಇಲ್ಲಿ ತಂಗಿದ್ದನಂತೆ. ಹಣೆಗೆ ನಾಮ ಇಟ್ಟುಕೊಳ್ಳಲು ನೀರು ಸಿಗದೆ ಬಂಡೆಗೆ ಬಾಣ ಬಿಟ್ಟನಂತೆ. ಚಿಮ್ಮಿದ ನೀರೇ ನಾಮದ ಚಿಲುಮೆ. ಕತೆಯನ್ನು ಅಜ್ಜಿ ಹೇಳಿ ಮುಗಿಸುವಷ್ಟರಲ್ಲಿ ಎರಡನೇ ತರಗತಿಯ ಮೊಮ್ಮಗ ಬಂಡೆಯ ಸುತ್ತ ಹುಡುಕಾಡಿ ಬಂದ. "ತಾತ, ಮೋಟರ್ ಎಲ್ಲಿ?"

ಅವನ ತಪ್ಪಲ್ಲ. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಎಷ್ಟೋ ಕೊಳವೆ ಬಾವಿಗಳು ಬತ್ತಿದಾಗ ನಮ್ಮದೂ ಬತ್ತಿತ್ತು. ನೀರು ಅಂದರೆ ಟ್ಯಾಂಕರ್, ಇಲ್ಲವೇ ಮೋಟರ್ ಎಂದೇ ಅವನು ತಿಳಿದಿದ್ದಾನೆ.

ಬ್ಯಾಂಕಿನಲ್ಲಿ ಲೆಡ್ಜರ್ ಬರೆದವನಿಗೆ ಗೊತ್ತಿರುವುದು ಒಂದೇ ಭಾಷೆ. "ನೋಡೋ, ಗ್ರಾನೈಟ್ ಬಂಡೆ ತಾನು ನೀರು ಕುಡಿಯೋಲ್ಲ. ಬೆಟ್ಟದ ಮೇಲೆ ಮಳೆ ಬಿದ್ದಾಗ ಮರದ ಬೇರು, ತರಗೆಲೆ, ಮಣ್ಣು ಅದನ್ನು ಓಡಲು ಬಿಡದೆ ಹಿಡಿದುಕೊಳ್ಳುತ್ತವೆ. ಅದು ಡೆಪಾಸಿಟ್. ಆಮೇಲೆ ಬಂಡೆಯ ಬಿರುಕುಗಳಲ್ಲಿ ಮೆಲ್ಲಗೆ ಇಳಿದು, ಬಿರುಕು ಬಾಯಿ ತೆರೆದ ಕಡೆ ಹೊರಗೆ ಬರುತ್ತದೆ. ಅದು ಬಡ್ಡಿ."

ಮೊಮ್ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಕೇಳಿದಳು: "ನಮ್ಮ ಬೋರ್‌ವೆಲ್‌ಗೆ ಡೆಪಾಸಿಟ್ ಕಟ್ಟಿದ್ದು ಯಾರು?"

ಯಾರೂ ಇಲ್ಲ. ನಮ್ಮ ಅಂಗಳಕ್ಕೆಲ್ಲ ಸಿಮೆಂಟು. ಮಹಡಿಯ ಮಳೆನೀರು ನೇರವಾಗಿ ಮೋರಿಗೆ. ಹದಿನೆಂಟು ವರ್ಷ ಬರೀ ವಿತ್‌ಡ್ರಾವಲ್ಲೇ! ಇದನ್ನು ಅವಳಿಗೆ ಹೇಳಿದೆ.

ಪಕ್ಕದ ಜಿಂಕೆವನ ಮಕ್ಕಳಿಗೆ ಹಿಡಿಸಿತು. ಪಕ್ಷಿತಜ್ಞ ಸಲೀಂ ಅಲಿ ತಂಗಿದ್ದ ಹಳೆಯ ಅತಿಥಿಗೃಹವೂ ಅಲ್ಲೇ ಇದೆ. ಮಧ್ಯಾಹ್ನ ದುರ್ಗಕ್ಕೆ ಹೋದೆವು. ಮಂಡಿನೋವಿನ ಹಿರಿಯರಿಗೆ ಒಂದು ಮಾತು: ಭೋಗಾನರಸಿಂಹ ಬೆಟ್ಟದ ಬುಡದಲ್ಲೇ ಇದ್ದಾನೆ, ಯೋಗಾನರಸಿಂಹನಿಗೆ ಮೆಟ್ಟಿಲು ಹತ್ತಬೇಕು. ನಮ್ಮ ಮನೆಯವಳು ಕೆಳಗೇ ಕೈಮುಗಿದು ಕೂತಳು. ನಾನು ಮಕ್ಕಳ ಜೊತೆ ಏದುಸಿರು ಬಿಡುತ್ತ ಹತ್ತಿದೆ.

ಈ ಬೆಟ್ಟಗಳ ಸಾಲಿನಲ್ಲಿ ಎರಡು ನದಿಗಳು ಹುಟ್ಟುತ್ತವೆ. ಜಯಮಂಗಲಿ ಉತ್ತರ ಪಿನಾಕಿನಿಯನ್ನು ಸೇರುತ್ತದೆ, ಶಿಂಷಾ ಕಾವೇರಿಯನ್ನು. ಒಂದೇ ಮೋಡದ ಎರಡು ಹನಿ ಇಲ್ಲಿ ಅಕ್ಕಪಕ್ಕ ಬಿದ್ದು, ಒಂದು ಆಂಧ್ರದ ಕಡೆಗೂ ಇನ್ನೊಂದು ತಮಿಳುನಾಡಿನ ಕಡೆಗೂ ಹೋಗಬಹುದು ಅಂದಾಗ, ಮೊಮ್ಮಗ ಬಾಟಲಿಯ ನೀರನ್ನು ಎರಡೂ ಕಡೆ ಚೆಲ್ಲಿ ನೋಡಿದ.

ವಾಪಸು ಬರುವಾಗ ಮೊಮ್ಮಗಳು ಕಾರಿನಿಂದಲೇ ಅಪ್ಪನಿಗೆ ಫೋನ್ ಮಾಡಿ ಮಹಡಿಯ ಪೈಪಿನ ವಿಷಯ ಎತ್ತಿದಳು. ಇಂಗುಗುಂಡಿ ತೋಡಿಸಲು ಭಾನುವಾರ ಪ್ಲಂಬರ್ ಕರೆಸುತ್ತೇನೆ ಅಂದಿದ್ದಾನೆ. ಅವಳು ಆಗಲೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದಾಳೆ.