ಆರನೆಯ ತಟ್ಟೆ

ಡಿಸೆಂಬರ್ ತಿಂಗಳು ಬಂತೆಂದರೆ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಒಬ್ಬರಾದರೂ ಫೋನ್ ಮಾಡಿ, "ಸರ್, ಈ ಸಲ ಕ್ರಿಸ್ಮಸ್ ಎಲ್ಲಿ?" ಎಂದು ವಿಚಾರಿಸುವುದುಂಟು. "ಊರಲ್ಲೇ ಮಾರಾಯ, ಇನ್ನೆಲ್ಲಿ?" ಎನ್ನುತ್ತೇನೆ. ಆದರೆ ಹಾಗೆನ್ನುವಾಗಲೆಲ್ಲ ನನ್ನ ಮನಸ್ಸು ಒಂದು ಕ್ಷಣ 2018ರ ಕ್ರಿಸ್ಮಸ್ಸಿಗೆ ಹೋಗಿ ಬರುತ್ತದೆ. ಅದರ ಕಥೆಯನ್ನು ಬಂಧುಗಳಲ್ಲಿ ಕೆಲವರು ನನ್ನ ಬಾಯಿಂದ ಕೇಳಿದ್ದಾರೆ. ಬರೆದಿಡಬೇಕೆಂದು ಹಲವರು ಒತ್ತಾಯಿಸಿದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಮಗಳು ಮತ್ತು ಅಳಿಯ ಆಗ ಝೆಕ್ ದೇಶದ ಎರಡನೆಯ ದೊಡ್ಡ ನಗರವಾದ ಬ್ರನೋದಲ್ಲಿದ್ದರು. ಮೊರಾವಿಯ ಎಂಬ ಪ್ರಾಂತದ ಮುಖ್ಯ ಪಟ್ಟಣವದು. ಅಳಿಯಂದಿರು ಸಭಾಪಾಲಕರು. ಓದಲೆಂದೂ ಕಂಪ್ಯೂಟರ್ ಕೆಲಸಕ್ಕೆಂದೂ ಆ ಊರಿಗೆ ಬಂದ ಪರದೇಶಿಗಳ ಚಿಕ್ಕ ಸಭೆಯೊಂದನ್ನು ನೋಡಿಕೊಳ್ಳಲು ಊರಿನ ಕೆಲವು ಸಭೆಗಳು ಕೂಡಿ ಅವರನ್ನು ಕಳುಹಿಸಿದ್ದವು. ಆ ವರ್ಷದ ಮಳೆಗಾಲದಲ್ಲಿ ನನ್ನ ಹೆಂಡತಿ ತೀರಿಕೊಂಡಿದ್ದಳು. "ಅಪ್ಪ, ಈ ವರ್ಷ ನೀವೊಬ್ಬರೇ ನಕ್ಷತ್ರ ಕಟ್ಟುವುದು ಬೇಡ, ಇಲ್ಲಿಗೆ ಬನ್ನಿ" ಎಂದು ಮಗಳು ಟಿಕೆಟು ಕಳುಹಿಸಿದಳು.

ಹೊರಡುವಾಗ ನನ್ನಲ್ಲಿ ದುಃಖದ ಜೊತೆಗೆ ಸ್ವಲ್ಪ ಹೆಮ್ಮೆಯೂ ಇತ್ತೆಂದು ಒಪ್ಪಿಕೊಳ್ಳುತ್ತೇನೆ. 1834ರಲ್ಲಿ ಬಾಸೆಲ್ ಮಿಷನ್ನಿನ ಮೂವರು ಪಾದ್ರಿಗಳು ಮಂಗಳೂರಿಗೆ ಬಂದಿಳಿದರು. ಅವರ ಹಿಂದೆ ಶಾಲೆ ಬಂತು, ಅಚ್ಚುಕೂಟ ಬಂತು, ಹಂಚಿನ ಕಾರ್ಖಾನೆ ಬಂತು. ನನ್ನ ಅಜ್ಜ ಆ ಹಂಚಿನ ಕಾರ್ಖಾನೆಯಲ್ಲಿಯೇ ದುಡಿದವರು. ಅಂದು ಅವರು ಬಂದು ಕೊಟ್ಟರು, ಇಂದು ನಮ್ಮ ಮಕ್ಕಳು ಹೋಗಿ ಕೊಡುತ್ತಿದ್ದಾರೆ, ಲೆಕ್ಕ ಸರಿಯಾಯಿತು ಎಂಬ ಭಾವನೆ ನನ್ನದು.

ಶಿಕ್ಷಕನಾಗಿಯೂ ಆ ನೆಲವನ್ನು ನೋಡುವ ಆಸೆಯಿತ್ತು. ಮಕ್ಕಳ ಪಠ್ಯಪುಸ್ತಕದಲ್ಲಿ ಚಿತ್ರಗಳಿರಬೇಕೆಂದು ಕಂಡುಕೊಂಡು, 1658ರಲ್ಲಿ ಅಂಥದೊಂದು ಪುಸ್ತಕವನ್ನೇ ಪ್ರಕಟಿಸಿದ ಯಾನ್ ಆಮೋಸ್ ಕೊಮೆನ್ಸ್ಕಿ ಹುಟ್ಟಿದ್ದು 1592ರಲ್ಲಿ, ಇದೇ ಮೊರಾವಿಯದಲ್ಲಿ. ನಾವು ಟ್ರೈನಿಂಗ್ ಕಾಲದಲ್ಲಿ ಕೊಮೆನಿಯಸ್ ಎಂದು ಉರುಹೊಡೆದದ್ದು ಇವರ ಹೆಸರನ್ನೇ. ಅವರ ಜನ್ಮದಿನವಾದ ಮಾರ್ಚ್ 28 ಅಲ್ಲಿ ಶಿಕ್ಷಕರ ದಿನ. 'ಸಹೋದರರ ಐಕ್ಯ' ಎಂಬ ಸಭೆಯ ಬಿಷಪ್ಪರಾಗಿದ್ದ ಅವರು ತಮ್ಮ ನಂಬಿಕೆಗಾಗಿ ದೇಶ ಬಿಟ್ಟು, 1670ರಲ್ಲಿ ಹಾಲೆಂಡಿನಲ್ಲಿ ಕಣ್ಣು ಮುಚ್ಚಿದರು. ಅದೇ ಸಭೆಯ ಪರಂಪರೆಯನ್ನು ಗುಟ್ಟಾಗಿ ಕಾಪಾಡಿಕೊಂಡಿದ್ದ ಕೆಲವು ಕುಟುಂಬಗಳು 1722ರಲ್ಲಿ ಗಡಿ ದಾಟಿ, ಸ್ಯಾಕ್ಸನಿಯ ಹೆರ್ನ್‌ಹುಟ್ ಎಂಬಲ್ಲಿ ನೆಲೆಸಿ, 1732ರಿಂದ ದೂರ ದೂರದ ನಾಡುಗಳಿಗೆ ಮಿಷನರಿಗಳನ್ನು ಕಳುಹಿಸಿದವು. ಹಾಗೆ ನೋಡಿದರೆ ಮಿಷನರಿಗಳು ಹೊರಟ ನೆಲಕ್ಕೇ ನಮ್ಮವರು ಮಿಷನರಿಗಳಾಗಿ ಹೋಗಿದ್ದರು.

ಹೋಗಿ ನೋಡಿದರೆ ಅಳಿಯಂದಿರ ಮುಖದಲ್ಲಿ ಗೆಲವಿರಲಿಲ್ಲ. ಬಾಡಿಗೆಯ ಕೋಣೆಯಲ್ಲಿ ಭಾನುವಾರದ ಆರಾಧನೆ. ಹಾಕಿದ್ದು ನಲವತ್ತು ಕುರ್ಚಿ, ಬಂದದ್ದು ಹದಿನಾಲ್ಕು ಜನ. ಅವರಲ್ಲಿ ಆ ದೇಶದವರು ಒಬ್ಬರೂ ಇಲ್ಲ. ಅಲ್ಲಿಯ ಜನ ಒಳ್ಳೆಯವರು, ಆದರೆ ದೇವರ ಮಾತೆತ್ತಿದರೆ ನಯವಾಗಿ ವಿಷಯ ಬದಲಿಸುವವರು. 2021ರ ಜನಗಣತಿಯಲ್ಲಿಯೂ ಅಲ್ಲಿನ ಸುಮಾರು ಅರ್ಧದಷ್ಟು ಜನ ತಮಗೆ ಯಾವ ಮತವೂ ಇಲ್ಲವೆಂದೇ ಬರೆಸಿದರು. ಊರಿನಿಂದಲೋ ಪ್ರತಿ ವರ್ಷದ ಕೊನೆಗೆ, "ಸಭೆಗೆ ಎಷ್ಟು ಜನ ಸೇರಿದರು?" ಎಂಬ ಪತ್ರ. ಅದಕ್ಕೆ ಉತ್ತರ ಬರೆಯಲಾಗದೆ ಅವರು ರಾತ್ರಿ ಬಹಳ ಹೊತ್ತು ಮೇಜಿನ ಮುಂದೆ ಕೂತಿರುತ್ತಿದ್ದರು.

ಬೀದಿಯಲ್ಲಿ ಮಾತ್ರ ಹಬ್ಬದ ಸಡಗರ. ಡಿಸೆಂಬರ್ 20ರ ಸುಮಾರಿಗೆ ಮೂಲೆ ಮೂಲೆಗಳಲ್ಲಿ ನೀರು ತುಂಬಿದ ದೊಡ್ಡ ತೊಟ್ಟಿಗಳು ಕಾಣಿಸಿಕೊಂಡವು. ಅವುಗಳಲ್ಲಿ ಜೀವಂತ ಕಾರ್ಪ್ ಮೀನುಗಳು! ಕ್ರಿಸ್ಮಸ್ಸಿನ ಹಿಂದಿನ ರಾತ್ರಿ ಕರಿದ ಕಾರ್ಪ್ ಮತ್ತು ಆಲೂಗಡ್ಡೆಯ ಸಲಾಡು ಇಲ್ಲದಿದ್ದರೆ ಅಲ್ಲಿ ಹಬ್ಬವೇ ಅಲ್ಲ. ಹಿಂದೆಲ್ಲ ಮೀನನ್ನು ಮನೆಗೆ ತಂದು ಸ್ನಾನದ ತೊಟ್ಟಿಯಲ್ಲಿ ಬಿಡುತ್ತಿದ್ದರಂತೆ. ಮಕ್ಕಳು ಅದಕ್ಕೆ ಹೆಸರಿಟ್ಟು, ಕೊನೆಗೆ ಕೊಯ್ಯಲು ಬಿಡದೆ ಅತ್ತು ರಂಪ ಮಾಡಿ, ನದಿಗೆ ಬಿಟ್ಟು ಬರುವುದೂ ಇತ್ತಂತೆ. ಬಂಗುಡೆ, ಅಂಜಲ್ ತಿಂದು ಬೆಳೆದ ನನಗೆ ಕೆರೆಮೀನಿನ ಈ ವೈಭವ ವಿಚಿತ್ರವಾಗಿ ಕಂಡಿತು.

ಅಷ್ಟರಲ್ಲಿ ಮೇಲಿನ ಮನೆಯ ಅಜ್ಜಿ ನಮ್ಮೆಲ್ಲರನ್ನೂ 24ರ ರಾತ್ರಿಯ ಊಟಕ್ಕೆ ಕರೆದರು. ಒಂಬತ್ತು ವರ್ಷದ ನನ್ನ ಮೊಮ್ಮಗಳು ಅವರನ್ನು 'ಬಾಬಿ' ಎಂದು ಕರೆಯುತ್ತಿದ್ದಳು. ಅವರೂ ನಿವೃತ್ತ ಶಿಕ್ಷಕಿ, ಪತಿ ತೀರಿಕೊಂಡಿದ್ದರು, ಮಗ ಪರದೇಶದಲ್ಲಿದ್ದ. ಅಳಿಯಂದಿರು ಹಿಂಜರಿದರು. "ಮಾವ, ಆ ರಾತ್ರಿ ಇವರು ಸೇಬನ್ನು ಅಡ್ಡ ಕತ್ತರಿಸಿ ಭವಿಷ್ಯ ನೋಡುತ್ತಾರೆ. ಒಳಗೆ ನಕ್ಷತ್ರ ಕಂಡರೆ ಆರೋಗ್ಯ, ಶಿಲುಬೆ ಕಂಡರೆ ಸಾವು. ಸಭಾಪಾಲಕನಾದವನು ಅಂಥಲ್ಲಿ ಕೂತುಕೊಳ್ಳಬಹುದೇ?" ಎಂದರು. ನಾನು ಏನು ಹೇಳಬೇಕೆಂದು ತಿಳಿಯದೆ ಸುಮ್ಮನಿದ್ದೆ. ಮಗಳೇ, "ಕರೆದಿದ್ದಾರೆ, ಹೋಗೋಣ" ಎಂದಳು.

ಆ ಸಂಜೆಯನ್ನು ಅವರ ಭಾಷೆಯಲ್ಲಿ 'ಉದಾರ ಸಂಜೆ' ಎಂದೇ ಕರೆಯುತ್ತಾರೆ. ಹಗಲೆಲ್ಲ ಉಪವಾಸವಿದ್ದವರಿಗೆ ರಾತ್ರಿ ಬಂಗಾರದ ಹಂದಿಮರಿ ಕಾಣಿಸುತ್ತದೆಂದು ನಂಬಿ ಮೊಮ್ಮಗಳು ಬೆಳಗಿನಿಂದ ಏನೂ ಮುಟ್ಟಿರಲಿಲ್ಲ. ಆಕಾಶದಲ್ಲಿ ಮೊದಲ ನಕ್ಷತ್ರ ಮೂಡುವ ಹೊತ್ತಿಗೆ ನಾವು ಮೇಲೆ ಹೋದೆವು. ಬಿಳಿಯ ಬಟ್ಟೆ ಹಾಸಿದ ಮೇಜು. ಜಡೆಯಂತೆ ಹೆಣೆದು ಬೇಯಿಸಿದ ಸಿಹಿ ರೊಟ್ಟಿ. ಡಿಸೆಂಬರ್ 4ರಂದು ಸಂತ ಬಾರ್ಬರಳ ಹೆಸರಿನಲ್ಲಿ ಕಡಿದು ನೀರಿನಲ್ಲಿಟ್ಟಿದ್ದ ಚೆರ್ರಿ ರೆಂಬೆಯಲ್ಲಿ ಆಗಷ್ಟೇ ಅರಳಿದ ಬಿಳಿ ಹೂಗಳು. ಪ್ರತಿ ತಟ್ಟೆಯ ಕೆಳಗೂ ಮೀನಿನ ಒಂದು ಹುರುಪೆ. ಅದನ್ನು ಪರ್ಸಿನಲ್ಲಿಟ್ಟುಕೊಂಡರೆ ವರ್ಷವೆಲ್ಲ ಹಣಕ್ಕೆ ಕೊರತೆಯಿಲ್ಲವಂತೆ.

ನಾವು ಐವರು. ಮೇಜಿನ ಮೇಲೆ ತಟ್ಟೆಗಳು ಆರು. ಮೊಮ್ಮಗಳ ಬಾಯಿಂದ ಕೇಳಿಸಿದೆ, ಆ ತಟ್ಟೆ ಯಾರಿಗೆ ಎಂದು. ಊಟಕ್ಕೆ ಕೂತವರ ಸಂಖ್ಯೆ ಬೆಸ ಆಗಬಾರದು, ಮತ್ತೆ ಹೇಳದೆ ಕೇಳದೆ ಬಾಗಿಲಿಗೆ ಬಂದವರಿಗೂ ಒಂದು ತಟ್ಟೆ ಇರಬೇಕು ಎಂದರು ಬಾಬಿ. ಮಗಳು ಒಮ್ಮೆ ಆ ತಟ್ಟೆಯನ್ನು ನೋಡಿ ಮುಖ ಆಚೆ ತಿರುಗಿಸಿದಳು. ಅದು ಯಾರ ಜಾಗವೆಂದು ನಮ್ಮಿಬ್ಬರಿಗೂ ಗೊತ್ತಿತ್ತು.

ಮಾತು ಬದಲಿಸಲೆಂದು ನಾನು ಮೇಷ್ಟ್ರಗಿರಿಗೆ ಇಳಿದೆ. "ನಮ್ಮಲ್ಲಿ ಇಂಥವರಿಗೆ ಅತಿಥಿ ಎನ್ನುತ್ತಾರೆ. ತಿಥಿ ಎಂದರೆ ದಿನ. ಬರುವ ದಿನವನ್ನು ಮೊದಲೇ ತಿಳಿಸದೆ ಬರುವವನು ಅತಿಥಿ" ಎಂದು ಅರ್ಥ ಬಿಡಿಸಿದೆ. ಮೊಮ್ಮಗಳು ಅದನ್ನು ಝೆಕ್ ಭಾಷೆಗೆ ತಿರುಗಿಸಿದಾಗ ಬಾಬಿ ನಕ್ಕು, "ಹಾಗಾದರೆ ಅತಿಥಿಗಳು ನೀವೇ. ಗಂಡ ಹೋದ ಮೇಲೆ ಎಷ್ಟೋ ವರ್ಷ ನಾನೊಬ್ಬಳೇ ಕೂತು ಎರಡು ತಟ್ಟೆ ಇಟ್ಟಿದ್ದೇನೆ. ಒಂದು ವರ್ಷವೂ ಯಾರೂ ಬರಲಿಲ್ಲ" ಎಂದರು.

ಊಟದ ನಡುವೆ ಅವರು ತಮ್ಮ ಕಥೆ ಹೇಳಿದರು. ಅಲ್ಲಿ ಮಕ್ಕಳಿಗೆ ಉಡುಗೊರೆ ತರುವವನು ಗಡ್ಡದ ತಾತನಲ್ಲ, ಕಣ್ಣಿಗೆ ಕಾಣದ ಬಾಲಯೇಸು. ಅವನಿಗೆ 'ಯೆಜಿಷೆಕ್' ಎನ್ನುತ್ತಾರೆ. 1952ರ ಕ್ರಿಸ್ಮಸ್ಸಿನಲ್ಲಿ ಕಮ್ಯುನಿಸ್ಟ್ ಪ್ರಧಾನಿ ಆಂಟೊನಿನ್ ಜಾಪೊಟೊಟ್ಸ್ಕಿ ತಮ್ಮ ಭಾಷಣದಲ್ಲಿ ಮಕ್ಕಳಿಗೆ, ಆ ಯೆಜಿಷೆಕ್ ಈಗ ದೊಡ್ಡವನಾಗಿ ಗಡ್ಡ ಬೆಳೆಸಿ ಹಿಮದಜ್ಜನಾಗಿದ್ದಾನೆ ಎಂದು ತಿಳಿಸಿದರು. ರಷ್ಯದಿಂದ ಆಮದಾದ ಅಜ್ಜ ಅವನು! ಬಾಬಿಗೆ ಆಗ ಹತ್ತು ವರ್ಷ. ಮುಂದೆ ಶಿಕ್ಷಕಿಯಾದಾಗ ಅವರೂ ತರಗತಿಯಲ್ಲಿ ಹಿಮದಜ್ಜನ ಹೆಸರನ್ನೇ ಹೇಳಬೇಕಾಯಿತು. "ಶಾಲೆಯಲ್ಲಿ ಅಜ್ಜನ ಹಾಡು ಹೇಳಿಕೊಡುತ್ತಿದ್ದೆ, ಮನೆಗೆ ಬಂದು ಮಗನಿಗಾಗಿ ಯೆಜಿಷೆಕ್‌ನ ಗಂಟೆ ಬಾರಿಸುತ್ತಿದ್ದೆ. ಚರ್ಚಿಗೆ ಹೋದರೆ ಕೆಲಸ ಉಳಿಯುವ ಭರವಸೆ ಇರಲಿಲ್ಲ, ಹೋಗಲಿಲ್ಲ. 1989ರಲ್ಲಿ ಬಾಗಿಲು ತೆರೆಯಿತು. ಅಷ್ಟರಲ್ಲಿ ನನಗೆ ಹೋಗುವ ಅಭ್ಯಾಸವೇ ತಪ್ಪಿತ್ತು" ಎಂದರು. ತರಗತಿಯಲ್ಲಿ ನಿಂತು ತನಗೆ ಒಪ್ಪಿಗೆಯಿಲ್ಲದ್ದನ್ನು ಹೇಳಬೇಕಾದ ಶಿಕ್ಷಕಿಯ ಸಂಕಟ ಎಂಥದೆಂದು ನನಗೆ ಯಾರೂ ವಿವರಿಸಬೇಕಾಗಿರಲಿಲ್ಲ.

ಆಮೇಲೆ ಸೇಬು ಬಂತು. ಅಳಿಯಂದಿರ ಮುಖ ಗಂಭೀರವಾದದ್ದನ್ನು ಬಾಬಿ ಗಮನಿಸಿದರು. "ನನ್ನ ಗಂಡ ಸತ್ತ ವರ್ಷದ ಸೇಬಿನಲ್ಲಿ ಅಚ್ಚುಕಟ್ಟಾದ ನಕ್ಷತ್ರ ಬಂದಿತ್ತು. ಆಮೇಲೆ ನಾನು ಅದನ್ನು ಏನೂ ಕೇಳುವುದಿಲ್ಲ, ಕತ್ತರಿಸಿ ತಿನ್ನುತ್ತೇನೆ ಅಷ್ಟೇ. ಪಾದ್ರಿಗಳಿಗೆ ಗಾಬರಿ ಬೇಡ" ಎಂದು ಹೇಳಿ ಸೇಬನ್ನು ಉದ್ದಕ್ಕೆ ಸೀಳಿದರು. ನಕ್ಷತ್ರವೂ ಇಲ್ಲ, ಶಿಲುಬೆಯೂ ಇಲ್ಲ! ಎಲ್ಲರಿಗಿಂತ ಜೋರಾಗಿ ನಕ್ಕವರು ಅಳಿಯಂದಿರೇ.

ನಗು ನಿಂತ ಮೇಲೆ ಬಾಬಿ ಮೆಲ್ಲಗೆ ಒಂದು ಮಾತು ಕೇಳಿದರು. "ನನ್ನ ತಂದೆ ಈ ರಾತ್ರಿ ಲೂಕನ ಸುವಾರ್ತೆಯಿಂದ ಗೋದಲಿಯ ಕಥೆ ಓದುತ್ತಿದ್ದರು. ಅವರ ಕಾಲ ಮುಗಿದ ಮೇಲೆ ನಮ್ಮ ಮೇಜಿನಲ್ಲಿ ಯಾರೂ ಓದಿಲ್ಲ. ನೀವು ಓದುತ್ತೀರಾ? ನಿಮ್ಮ ಭಾಷೆಯಲ್ಲೇ ಓದಿ. ಕಥೆ ನನಗೆ ಗೊತ್ತಿದೆ."

ಅಳಿಯಂದಿರು ಎರಡನೆಯ ಅಧ್ಯಾಯವನ್ನು ಕನ್ನಡದಲ್ಲಿ ಓದಿದರು. ಉಪದೇಶ ಮಾಡಲಿಲ್ಲ, ವಿವರಿಸಲಿಲ್ಲ. ಬಾಬಿ ಕಣ್ಣುಮುಚ್ಚಿ ಕೇಳಿದರು. ಬೆತ್ಲೆಹೇಮ್, ಮರಿಯ ಎಂಬ ಹೆಸರುಗಳು ಬಂದಾಗ ಮಾತ್ರ ತಲೆ ಅಲುಗಿಸುತ್ತಿದ್ದರು. ಛತ್ರದಲ್ಲಿ ಅವರಿಗೆ ಸ್ಥಳ ಸಿಗಲಿಲ್ಲ ಎಂಬಲ್ಲಿಗೆ ಬಂದಾಗ ಅಳಿಯಂದಿರ ಧ್ವನಿ ಒಂದು ಗಳಿಗೆ ನಿಂತಿತು. ಅವರೆದುರಿಗೇ ಇತ್ತು ಆ ಆರನೆಯ ತಟ್ಟೆ. ಓದು ಮುಗಿದ ಸ್ವಲ್ಪ ಹೊತ್ತಿಗೆ ಪಕ್ಕದ ಕೋಣೆಯಲ್ಲಿ ಗಂಟೆ ಕಿಣಿಕಿಣಿ ಎಂದಿತು. ಯೆಜಿಷೆಕ್ ಬಂದು ಹೋದನೆಂದು ಮೊಮ್ಮಗಳು ಓಡಿದಳು.

ಮರುದಿನ ಆರಾಧನೆ ಮುಗಿಸಿ ಬಂದ ಅಳಿಯಂದಿರು, "ಮಾವ, ಊರಿಗೆ ವರದಿ ಬರೆಯಬೇಕು. ಏನು ಬರೆಯಲಿ? ಇವತ್ತೂ ಹದಿನಾಲ್ಕೇ ಜನ" ಎಂದರು. "ನಮ್ಮನ್ನು ಊಟಕ್ಕೆ ಕರೆದರು ಎಂದು ಬರೆಯಿರಿ" ಎಂದೆ. ಅವರು ಹಾಗೆಯೇ ಬರೆದರು. ಊರಿನವರಿಗೆ ಅದು ಎಷ್ಟು ಅರ್ಥವಾಯಿತೋ ಕಾಣೆ. ಆದರೆ ಆ ರಾತ್ರಿ ಅವರು ಮೇಜಿನ ಮುಂದೆ ಕೂರದೆ ಬೇಗ ಮಲಗಿದರು.

ನನ್ನ ಲೆಕ್ಕವೂ ಅಂದೇ ತಪ್ಪಿತು. ಮಂಗಳೂರಿಗೆ ಬಂದ ಆ ಪಾದ್ರಿಗಳು ನಮಗೆ ಕೊಟ್ಟದ್ದನ್ನೆಲ್ಲ ನಾನು ಮಕ್ಕಳಿಗೆ ವರ್ಷಗಟ್ಟಲೆ ಪಾಠ ಮಾಡಿದ್ದೇನೆ. ಗುರುತಿಲ್ಲದ ಊರಿನಲ್ಲಿ, ಬಾರದ ಭಾಷೆಯಲ್ಲಿ ತಡವರಿಸುತ್ತಿದ್ದ ಅವರಿಗೆ ಮೊದಲು ಗಂಜಿ ಬಡಿಸಿದವರು ಯಾರೆಂದು ಒಂದು ದಿನವೂ ಯೋಚಿಸಿರಲಿಲ್ಲ. ಯಾರೋ ಬಡಿಸಿರಲೇಬೇಕು. ಕೊಡಲು ಹೋದವನು ಮೊದಲು ಯಾರದೋ ಮನೆಯ ಅತಿಥಿಯಾಗಬೇಕು. ಅದಾಗದೆ ಉಳಿದದ್ದು ಯಾವುದೂ ಆರಂಭವಾಗುವುದಿಲ್ಲ.

ಆ ಮೀನಿನ ಹುರುಪೆ ಇಂದಿಗೂ ನನ್ನ ಪರ್ಸಿನಲ್ಲಿದೆ. ಪಿಂಚಣಿಯೇನೂ ಹೆಚ್ಚಲಿಲ್ಲ! ಆದರೆ ಅಂದಿನಿಂದ ಪ್ರತಿ ಕ್ರಿಸ್ಮಸ್ಸಿಗೆ ನಮ್ಮ ಮನೆಯ ಮೇಜಿನ ಮೇಲೆ ಒಂದು ತಟ್ಟೆ ಹೆಚ್ಚಿಗೆ ಇಡುತ್ತೇನೆ. ಈ ಕಡೆ ಬಂದರೆ ನೀವ್ಯಾರೂ ಮೊದಲೇ ತಿಳಿಸಬೇಕಾಗಿಲ್ಲ.