ಮೂರು ತಂತಿಗಳ ಆಚೆಯ ದನಿ

ಸಿಂಗಪುರದವರಿಗೆ ಗುಡುಗು ಹೊಸತಲ್ಲ. ವರ್ಷದಲ್ಲಿ 160ಕ್ಕೂ ಮಿಕ್ಕ ದಿನ ಈ ದ್ವೀಪ ಗುಡುಗನ್ನು ಕೇಳುತ್ತದೆ. ಕಳೆದ ನವೆಂಬರಿನ ಒಂದು ಸಂಜೆ ಅಂಥದೇ ಮಳೆಯ ನಡುವೆ ನಮ್ಮ ಮನೆಯ ವಿದ್ಯುತ್ತು ಹೋಗಿ ಬಂದಿತು. ದೀಪಗಳು ಬೆಳಗಿದವು, ಫ್ಯಾನು ತಿರುಗಿತು. ಚಿತ್ರಗಳನ್ನೂ ಧ್ವನಿಮುದ್ರಣಗಳನ್ನೂ ಕಾಪಿಟ್ಟಿದ್ದ ಕಪಾಟಿನ ಮೇಲಿನ ಪುಟ್ಟ ಸಂಗ್ರಹಪೆಟ್ಟಿಗೆ ಮಾತ್ರ ಮೇಲೇಳಲಿಲ್ಲ. ಹಸಿರು ದೀಪವೇನೋ ಮಿನುಗುತ್ತಿತ್ತು. ನೆಟ್‌ವರ್ಕಿನಲ್ಲಿ ಅದರ ಸುಳಿವಿರಲಿಲ್ಲ.

ಚಿತ್ರಗಳ ಪ್ರತಿ ಬೇರೆಡೆ ಇತ್ತು. ಇಲ್ಲದ್ದು ತಂದೆಯವರ ದನಿ. 2012ರ ಬೇಸಿಗೆಯಲ್ಲಿ ತೀರ್ಥಹಳ್ಳಿಯ ಮನೆಯ ಜಗಲಿಯಲ್ಲಿ ಅವರು ಕುಮಾರವ್ಯಾಸ ಭಾರತದ ಉದ್ಯೋಗಪರ್ವವನ್ನು ವಾಚಿಸಿದ್ದರು. ನಾವು ಮೊಬೈಲಿನಲ್ಲಿ ಮುದ್ರಿಸಿಕೊಂಡಿದ್ದೆವು. ಎರಡು ವರ್ಷಗಳ ಬಳಿಕ ಅವರು ತೀರಿಕೊಂಡರು. ಪೆಟ್ಟಿಗೆಯಲ್ಲಿ ಎರಡು ಡಿಸ್ಕುಗಳಿವೆ, ಒಂದು ಕೆಟ್ಟರೆ ಇನ್ನೊಂದಿದೆ ಎಂಬ ಧೈರ್ಯದಲ್ಲಿ ಮತ್ತೊಂದು ಪ್ರತಿ ಮಾಡಿರಲಿಲ್ಲ. ಎರಡಕ್ಕೂ ಬಾಗಿಲು ಒಂದೇ ಎಂಬುದು ನಮಗೆ ಹೊಳೆದಿರಲಿಲ್ಲ.

ಮೊದಲು ಡಿಸ್ಕುಗಳನ್ನು ಕಳಚಿ ಹತ್ತಿಯ ಬಟ್ಟೆಯಲ್ಲಿ ಸುತ್ತಿಟ್ಟೆವು. ಇರುವ ಒಂದೇ ದನಿಯ ಮೇಲೆ ಪ್ರಯೋಗ ನಡೆಸುವುದು ಬೇಡವೆನಿಸಿತು. ಮುಚ್ಚಳದೊಳಗೆ, ಬೋರ್ಡಿನ ಅಂಚಿನಲ್ಲಿ ನಾಲ್ಕು ಪಿನ್ನುಗಳಿದ್ದವು. ಅದೇ ಸೀರಿಯಲ್ ಕನ್ಸೋಲ್. ಪರದೆಯಾಗಲಿ ಕೀಲಿಮಣೆಯಾಗಲಿ ಇಲ್ಲದ ಇಂಥ ಯಂತ್ರ ಎಚ್ಚರಗೊಳ್ಳುವ ಕ್ಷಣದಿಂದಲೇ ತನ್ನ ಪಾಡನ್ನು ಅಲ್ಲಿ ಹೇಳಿಕೊಳ್ಳುತ್ತಿರುತ್ತದೆ, ಕೇಳುವವರಿರಲಿ ಬಿಡಲಿ. ಜಲಾನ್ ಬೆಸಾರಿನ ಸಿಮ್ ಲಿಮ್ ಟವರಿನಿಂದ ಯುಎಸ್‌ಬಿ ಅಡಾಪ್ಟರೊಂದನ್ನು ತಂದೆವು. ಅದು 3.3 ವೋಲ್ಟಿನದೇ ಆಗಿರಬೇಕು. ಸಂಜ್ಞೆ 5 ವೋಲ್ಟಿನದಾದರೆ ಚಿಪ್ಪು ಸುಟ್ಟುಹೋದೀತು. ಜೋಡಿಸಿದ್ದು ಮೂರೇ ತಂತಿ: ಗ್ರೌಂಡಿಗೆ ಗ್ರೌಂಡು, ಅದರ ಬಾಯಿ ನಮ್ಮ ಕಿವಿಗೆ, ನಮ್ಮ ಬಾಯಿ ಅದರ ಕಿವಿಗೆ. ವಿದ್ಯುತ್ತಿನ ನಾಲ್ಕನೆಯ ಪಿನ್ನನ್ನು ಮುಟ್ಟಲಿಲ್ಲ.

ಸ್ವಿಚ್ಚು ಒತ್ತಿದಾಗ ಪರದೆಯ ತುಂಬ ಅಸಂಬದ್ಧ ಅಕ್ಷರಗಳು. ನುಡಿ ಫಾಂಟಿಲ್ಲದ ಕಂಪ್ಯೂಟರಿನಲ್ಲಿ ಹಳೆಯ ಕನ್ನಡ ಕಡತ ತೆರೆದಂತೆ! ವೇಗ ತಪ್ಪಾಗಿತ್ತು. 9600ರಿಂದ 115200ಕ್ಕೆ ಬದಲಿಸಿದೊಡನೆ ಸಾಲುಗಳು ಓದುವಂತಾದವು. ಮಾತನಾಡುತ್ತಿದ್ದುದು ಯು-ಬೂಟ್, ಲಿನಕ್ಸನ್ನು ಎಬ್ಬಿಸಿ ತಾನು ಮರೆಯಾಗುವ ಕಿರು ತಂತ್ರಾಂಶ. ಅದರ ದೂರು ಒಂದೇ: ಉಳಿಸಿಟ್ಟ ಸೆಟ್ಟಿಂಗುಗಳ ಚೆಕ್‌ಸಮ್ ತಾಳೆಯಾಗುತ್ತಿಲ್ಲ, ಹಾಗಾಗಿ ಮೂಲ ಸೆಟ್ಟಿಂಗುಗಳನ್ನೇ ಬಳಸುತ್ತಿದ್ದೇನೆ. ಆ ಮೂಲ ಸೆಟ್ಟಿಂಗಾದರೋ ಲಿನಕ್ಸನ್ನು ನೆಟ್‌ವರ್ಕಿನಲ್ಲಿ ಹುಡುಕುತ್ತಿತ್ತು. ಸಿಗದೆ ಸೋತು, ಕೊನೆಗೆ => ಎಂಬ ಗುರುತಿನ ಮುಂದೆ ನಮ್ಮ ಅಪ್ಪಣೆಗಾಗಿ ನಿಂತಿತು.

ಫ್ಲ್ಯಾಶ್ ಸ್ಮೃತಿಯಲ್ಲಿ ಏನೇನಿದೆಯೆಂದು ಪಟ್ಟಿಮಾಡುವ ‘ಐಎಂಎಲ್‌ಎಸ್’ ಆದೇಶ ಕೊಟ್ಟೆವು. ಕರ್ನಲ್ ಇತ್ತು, ರ‍್ಯಾಮ್‌ಡಿಸ್ಕೂ ಇತ್ತು, ಎರಡರ ಚೆಕ್‌ಸಮ್ಮೂ ಸರಿಯಿತ್ತು. ಕಳೆದುಹೋದದ್ದು ಅವುಗಳ ವಿಳಾಸ ಮಾತ್ರ. ‘ಬೂಟ್‌ಎಂ’ ಎಂದು ಬರೆದು ಎರಡೂ ವಿಳಾಸಗಳನ್ನು ಕೊಟ್ಟೆವು. ಕರ್ನಲ್ ಆರಂಭವಾಗುತ್ತಿದೆ ಎಂಬ ಸಾಲು ಮೂಡಿತು; ಆಮೇಲೆ ಮೌನ.

ಹತ್ತು ನಿಮಿಷ ಕಾದೆವು. ಇಲ್ಲಿಗೆ ಮುಗಿಯಿತೆಂದುಕೊಂಡೆವು. ಪಾಲಿಟೆಕ್ನಿಕ್ಕಿನಲ್ಲಿ ಓದುತ್ತಿರುವ ಮಗಳು ಪಕ್ಕದಲ್ಲೇ ಕುಳಿತಿದ್ದಳು. “ಅದು ಸತ್ತಿಲ್ಲ, ಯಾರ ಜೊತೆ ಮಾತಾಡ್ಬೇಕು ಅಂತ ನಾವು ಹೇಳಿಲ್ಲ ಅಷ್ಟೆ” ಎಂದಳು. ನಿಜ, ಕನ್ಸೋಲು ಯಾವುದೆಂದು ಕರ್ನಲ್‌ಗೆ ತಿಳಿಸುವ ‘ಬೂಟ್‌ಆರ್ಗ್ಸ್’ ಕೂಡ ಆ ಸೆಟ್ಟಿಂಗುಗಳೊಂದಿಗೇ ಅಳಿಸಿಹೋಗಿತ್ತು. ಸೀರಿಯಲ್ ಪೋರ್ಟಿನ ಹೆಸರನ್ನೂ ವೇಗವನ್ನೂ ಅವಳೇ ಬರೆದಳು. ಸಾಲುಗಳು ಧಾರಾಕಾರವಾಗಿ ಇಳಿದು ಬಂದವು, ಕಡೆಗೆ ಲಾಗಿನ್.

‘ಸೇವ್‌ಎನ್ವ್’ ಒತ್ತಿ ಎಲ್ಲವನ್ನೂ ಉಳಿಸಿಬಿಡುವ ಆಸೆಯಾಯಿತು. ಒತ್ತಲಿಲ್ಲ. ಆದೇಶಗಳನ್ನು ಹಳೆಯ ಕ್ಯಾಲೆಂಡರಿನ ಹಾಳೆಯ ಹಿಂದೆ ಬರೆದುಕೊಂಡು, ಪೆಟ್ಟಿಗೆ ಆರಿಸಿ, ಡಿಸ್ಕುಗಳನ್ನು ಸೇರಿಸಿ, ಮತ್ತೆ ಕೈಯಾರೆ ಎಬ್ಬಿಸಿದೆವು. ಮೊದಲು ನಕಲಾದದ್ದು ಉದ್ಯೋಗಪರ್ವದ ಕಡತ.

ಸರಿಯಿದೆಯೇ ನೋಡಲು ತೆರೆದಾಗ ರಾತ್ರಿ ಒಂದು ಗಂಟೆ. ಮೊದಲು ಒಂದು ಕೆಮ್ಮು, ಜಗಲಿಯ ಹಲಗೆಯ ಸದ್ದು. ಆಮೇಲೆ ತಂದೆಯವರು, “ಶುರು ಆಯ್ತೇನ್ರೋ ಅದು?” ಎಂದು ಕೇಳಿದರು. ಒಳಗಿನಿಂದ ತಾಯಿಯವರು ಕಾಫಿಗೆ ಕರೆದದ್ದೂ ಅದರಲ್ಲಿದೆ. ಅದು ನಮಗೆ ಮರೆತೇಹೋಗಿತ್ತು. ವಾಚನ ಮುಗಿಯುವವರೆಗೆ ಮಗಳೂ ಏಳಲಿಲ್ಲ.

ಮರುದಿನವೇ ಒಂದು ಪ್ರತಿಯನ್ನು ಶಿವಮೊಗ್ಗದ ತಂಗಿಗೆ ಕಳುಹಿಸಿದೆವು. ಪೆಟ್ಟಿಗೆಯ ಸೆಟ್ಟಿಂಗುಗಳನ್ನು ಉಳಿಸಿದ್ದು ಅದಾದ ಮೇಲೆಯೇ. ಕ್ಯಾಲೆಂಡರಿನ ಹಾಳೆ ಈಗ ಅದರ ಮುಚ್ಚಳದ ಒಳಬದಿಯಲ್ಲಿ ಅಂಟಿಕೊಂಡಿದೆ.